ಮಗನಿಗಿಂತ ಅಪ್ಪನೇ 25 ವರ್ಷ ಚಿಕ್ಕವನು!

ಮಗನಿಗೆ ಐವತ್ತರ ಸಮೀಪ. ಅಪ್ಪನಿಗೆ ಇನ್ನೂ ಇಪ್ಪತ್ತನಾಲ್ಕು. ಇದ್ಯಾವ ಲೆಕ್ಕ ಅಂತೀರಾ? 1990ರಲ್ಲಿ ದೂರದರ್ಶನದಲ್ಲಿ ಬಂದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಲೆಕ್ಕ ಇದು. ಟಿಪ್ಪು ಆಗಿದ್ದವರು 1941ರಲ್ಲಿ ಹುಟ್ಟಿದ ಸಂಜಯ್ ಖಾನ್. ಆ ಟಿಪ್ಪುವಿನ ಅಪ್ಪ ಹೈದರಾಲಿ ಆಗಿದ್ದವರು 1966ರಲ್ಲಿ ಹುಟ್ಟಿದ ಶಹಬಾಜ್ ಖಾನ್. ತಾಯಿಯ ಕಥೆಯೂ ಅಷ್ಟೆ. ‘ರಾಮಾಯಣ’ದ ಸೀತೆಯಾಗಿ ಮನೆಮನೆಯಲ್ಲೂ ಕೈ ಮುಗಿಸಿಕೊಂಡ ದೀಪಿಕಾ ಇಲ್ಲಿ ಟಿಪ್ಪುವಿನ ತಾಯಿ ಫಾತಿಮಾ. ಆಕೆ ಹುಟ್ಟಿದ್ದು 1965ರಲ್ಲಿ!

ಆದರೂ ನೋಡುವವರಿಗೆ ನಗು ಬರಲಿಲ್ಲ. ಅದೇ ಶಹಬಾಜ್ ಗೆದ್ದ ಗೆಲುವು.

ಮೈಸೂರು ಸೀಮೆಯ ಜನ ದರ್ಬಾರಿನ ನಟನೆಯನ್ನು ಸುಲಭಕ್ಕೆ ಒಪ್ಪುವವರಲ್ಲ. ಕಂಪನಿ ನಾಟಕದ ಕಿರೀಟ-ಗದೆ ನೋಡಿ ಬೆಳೆದವರು. ‘ರಣಧೀರ ಕಂಠೀರವ’ (1960), ‘ಶ್ರೀ ಕೃಷ್ಣದೇವರಾಯ’ (1970), ‘ಮಯೂರ’ (1975) ನೋಡಿ, ರಾಜ ಅಂದರೆ ಹೀಗೆ ನಡೀಬೇಕು, ಹೀಗೆ ತಿರುಗಿ ನೋಡಬೇಕು ಅಂತ ಕಣ್ಣಲ್ಲೇ ಅಳತೆ ಇಟ್ಟುಕೊಂಡವರು. ಅದರ ಮೇಲೆ ಈ ಧಾರಾವಾಹಿಯ ಮಾತೆಲ್ಲ ಉರ್ದು ಬೆರೆತ ಹಿಂದಿ. ಅರ್ಧ ಮಾತು ತಿಳಿಯದವನಿಗೆ ನಟನ ಮುಖ, ದನಿ, ನಿಲುವು ಇಷ್ಟೇ ಆಧಾರ. ಅಂಥ ಕಡೆ ಸುಳ್ಳು ನಟನೆ ಬೇಗ ಸಿಕ್ಕಿಬೀಳುತ್ತದೆ.

ಶಹಬಾಜ್ ಸಿಕ್ಕಿಬೀಳಲಿಲ್ಲ. ಎತ್ತರದ ಆಳು, ಬಾವಿಯೊಳಗಿಂದ ಬಂದಂಥ ದನಿ. ದನಿ ಎಲ್ಲಿಂದ ಬಂತು ಅಂದರೆ, ಇಂದೂರ್ ಘರಾನೆಯ ಹೆಸರಾಂತ ಗಾಯಕ ಉಸ್ತಾದ್ ಅಮೀರ್ ಖಾನರ ಮಗ ಈತ. 1974ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಇನ್ನೂ ಎಂಟು ತುಂಬಿರಲಿಲ್ಲ. ಇನ್ನೊಂದು ಸೋಜಿಗ ಕೇಳಿ: ಹುಟ್ಟಿದಾಗ ಇಟ್ಟ ಹೆಸರೇ ಹೈದರ್!

ಇತಿಹಾಸದ ಹೈದರಾಲಿ ಸಾಮಾನ್ಯ ಸಿಪಾಯಿ ಮಟ್ಟದಿಂದ ಮೇಲೆ ಬಂದವನು. ಓದು ಬರಹ ಇಲ್ಲ, ನೆನಪೇ ಕಡತ. 1761ರ ಹೊತ್ತಿಗೆ ಮೈಸೂರಿನ ಆಡಳಿತವೆಲ್ಲ ಅವನ ಮುಷ್ಟಿಯಲ್ಲಿ. 1782ರಲ್ಲಿ ಬೆನ್ನಿನ ಹುಣ್ಣಿನಿಂದ ಯುದ್ಧದ ಬಿಡಾರದಲ್ಲೇ ಸತ್ತ. ಇಂಥವನ ಪಾತ್ರಕ್ಕೆ ಹುಟ್ಟಾ ರಾಜನ ಬಿಂಕ ಹೊಂದುವುದಿಲ್ಲ. ದುಡಿದು ತಿಂದವನ ಎಚ್ಚರ ಬೇಕು, ಯಾರು ಯಾವಾಗ ಕೈ ಕೊಡ್ತಾರೋ ಅನ್ನೋ ಗುಮಾನಿ ಬೇಕು. ಶಹಬಾಜ್ ಕಣ್ಣಲ್ಲಿ ಅದು ಇತ್ತು. ಕೂಗಾಡಿ ಗತ್ತು ತೋರಿಸುವ ಚಾಳಿಗೆ ಈತ ಹೋಗಲಿಲ್ಲ. ದನಿ ತಗ್ಗಿಸಿದಾಗಲೇ ಎದುರಿನವನು ಬೆವರಬೇಕು, ಹಾಗೆ. ಗಡ್ಡ ಅಂಟಿಸಿದ ಮಾತ್ರಕ್ಕೆ ವಯಸ್ಸು ಬರುವುದಿಲ್ಲ, ನಡಿಗೆಯ ತೂಕದಲ್ಲಿ ಬರಬೇಕು. ಬಂತು.

ಎರಡನೆಯ ಮಾರ್ಕು ಯಾರಿಗೆ? ದಿವಾನ್ ಪೂರ್ಣಯ್ಯನಾದ ಅನಂತ ಮಹಾದೇವನ್‌ಗೆ. ಕತ್ತಿ ಇಲ್ಲ, ಕುದುರೆ ಇಲ್ಲ, ಬರೀ ತಲೆ. ಹೈದರ್, ಟಿಪ್ಪು ಇಬ್ಬರ ಕೈಕೆಳಗೂ ದುಡಿದು, ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1811ರವರೆಗೆ ದಿವಾನಗಿರಿ ಮಾಡಿದ ಮನುಷ್ಯ ಪೂರ್ಣಯ್ಯ. ಮೂರು ಧಣಿಗಳನ್ನು ಕಂಡವನ ಮುಖದಲ್ಲಿ ಒಳಗಿನದು ಹೊರಗೆ ಕಾಣಬಾರದು. ಮಹಾದೇವನ್ ಅಷ್ಟನ್ನೇ ಮಾಡಿದರು. ಚಪ್ಪಾಳೆ ಬೀಳದ ಪಾತ್ರ, ಆದರೆ ಅದಿಲ್ಲದಿದ್ದರೆ ದರ್ಬಾರು ಬರೀ ಪರದೆ. ಮೀರ್ ಸಾದಿಕನಾಗಿ ಮುಕೇಶ್ ರಿಷಿ ಇದ್ದರು. ಆಮೇಲೆ ಹಿಂದಿ, ತೆಲುಗು ಎನ್ನದೆ ಖಳನಾಗಿ ಮೆರೆದವರು. ದೀಪಿಕಾ ಅವರದು ಅಚ್ಚುಕಟ್ಟು, ಅಷ್ಟೆ. ಸೀತೆಯ ನೆರಳು ಬಿಡಲಿಲ್ಲ.

ಇನ್ನು ಟಿಪ್ಪು. ಸಂಜಯ್ ಖಾನ್ ನಟನೆಯಲ್ಲಿ ಕೊಂಚ ಬಿಗುವು, ಮಾತಿನಲ್ಲಿ ಭಾಷಣದ ವರಸೆ. ಹೈದರನ ಕಂತುಗಳ ಓಟ ಟಿಪ್ಪುವಿನ ಕಂತುಗಳಿಗೆ ಇಲ್ಲ ಅನ್ನುವವರ ಮಾತು ಸುಳ್ಳಲ್ಲ. ಆದರೆ ಆ ಮುಖದ ಮೇಲೆ ತೀರ್ಪು ಹೇಳುವ ಮುಂಚೆ 1989ರ ಫೆಬ್ರವರಿ 8ಕ್ಕೆ ಹೋಗಿಬರಬೇಕು.

ಆ ದಿನ ಚಿತ್ರೀಕರಣ ನಡೆಯುತ್ತಿದ್ದದ್ದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ. ಬೆಂಕಿ ಬಿತ್ತು. ಗೋಡೆಗೆಲ್ಲ ಗೋಣಿತಾಟು, ಸಡಿಲ ವೈರಿಂಗು, ಗಾಳಿ ಆಡಲು ದಾರಿಯಿಲ್ಲ, ಬೆಂಕಿ ಆರಿಸುವ ಸಾಮಾನಿಲ್ಲ. ದೊಡ್ಡ ದೊಡ್ಡ ಲೈಟುಗಳ ಕಾವಿಗೆ ಒಳಗಿನ ಶಾಖ 120 ಡಿಗ್ರಿ ಮುಟ್ಟಿತ್ತು ಅಂತ ಆಮೇಲೆ ಹೊರಬಿತ್ತು. ಸತ್ತವರು 62 ಜನ. ಟೀವಿ ನೋಡುವವರು ಹೆಸರು ಹಿಡಿದು ಕರೆಯುವ ನಟರು ಅವರಲ್ಲಿ ಯಾರೂ ಇರಲಿಲ್ಲ. ದರ್ಬಾರು ಅಂದರೆ ಸಿಂಹಾಸನದ ಮೇಲಿನ ಒಬ್ಬನೇ ಅಲ್ಲವಲ್ಲ! ಲೈಟು ಹಿಡಿಯುವವನಿದ್ದಾನೆ, ಪೇಟ ಕಟ್ಟುವವನಿದ್ದಾನೆ, ಸಾಲಿನಲ್ಲಿ ಭರ್ಜಿ ಹಿಡಿದು ನಿಲ್ಲುವವನಿದ್ದಾನೆ.

ಸಂಜಯ್ ಖಾನ್ ಮೈ ಶೇಕಡಾ 65 ಸುಟ್ಟಿತ್ತು. 13 ತಿಂಗಳು ಆಸ್ಪತ್ರೆ, ಎಪ್ಪತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಕೆಲಸ ನಿಲ್ಲಲಿಲ್ಲ. ನಿರ್ದೇಶನಕ್ಕೆ ತಮ್ಮ ಅಕ್ಬರ್ ಖಾನ್ ಹೆಗಲು ಕೊಟ್ಟರು. ಸಂಜಯ್ ಎದ್ದು ಬಂದು, ಸುಟ್ಟು ಮಾಸಿದ ಮೈಗೆ ಟಿಪ್ಪುವಿನ ನಿಲುವಂಗಿ ತೊಟ್ಟು ಕ್ಯಾಮರಾ ಮುಂದೆ ನಿಂತರು. ಕೆನ್ನೆಯ ಚರ್ಮ ಹಳೆಯ ಹಾಗೆ ಆಡದವನು ದರ್ಬಾರಿನಲ್ಲಿ ನಗಬೇಕು, ಗುಡುಗಬೇಕು, ಅಳಬೇಕು! ಬಿಗುವು ಅಂದವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಅಷ್ಟಾದರೂ ನಿರಾಳವಾಗಿ ತೆರೆಗೆ ಬರಲು ಬಿಡಲಿಲ್ಲ. ಭಗವಾನ್ ಗಿದ್ವಾನಿಯವರ 1976ರ ಇಂಗ್ಲಿಷ್ ಕಾದಂಬರಿ ಇದಕ್ಕೆ ಮೂಲ. ಟಿಪ್ಪುವನ್ನು ಬಣ್ಣ ಬಳಿದು ತೋರಿಸ್ತಾರೆ ಅಂತ ತಕರಾರು ಎದ್ದು ಕೋರ್ಟಿಗೂ ಹೋಯಿತು. ಕೊನೆಗೆ, ಇದು ಕಾದಂಬರಿಯ ನಾಟಕರೂಪ, ಇತಿಹಾಸ ಅಂತ ತಿಳಿಯಬೇಡಿ ಅನ್ನುವ ಅರ್ಥದ ಸೂಚನೆ ಹಾಕಿ ಕಂತು ತೋರಿಸುವಂತಾಯಿತು. 60 ಕಂತು ಓಡಿತು. ಸೂಚನೆ ಬಂದಾಗ ಜನ ಕಾಫಿ ತರಲು ಎದ್ದರು, ಹೈದರ್ ಬಂದಾಗ ಬಂದು ಕೂತರು.

ಶಹಬಾಜ್ 1994ರಲ್ಲಿ ‘ಚಂದ್ರಕಾಂತಾ’ದ ರಾಜಕುಮಾರ ವೀರೇಂದ್ರನಾದರು, ಸಂಜಯ್ ಖಾನರೇ ತೆಗೆದ ‘ದಿ ಗ್ರೇಟ್ ಮರಾಠಾ’ದಲ್ಲಿ ಮಹಾದಜಿ ಶಿಂಧೆಯಾದರು. ಕತ್ತಿ, ಪೇಟ, ದರ್ಬಾರು ಬಿಟ್ಟು ಹೋಗಲಿಲ್ಲ. ಆದರೆ ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಟೀವಿ ಮುಂದೆ ಕೂತು ಆ ಕಾಲ ಕಳೆದ ಹಿರಿಯರನ್ನು ಕೇಳಿ ನೋಡಿ. ಹೈದರಾಲಿ ಅಂದರೆ ಅವರ ಕಣ್ಣ ಮುಂದೆ ಬರೋದು ಚರಿತ್ರೆ ಪುಸ್ತಕದ ಪಟ ಅಲ್ಲ, ಇಪ್ಪತ್ತನಾಲ್ಕರ ಆ ಹುಡುಗ.