ಹಳೆಯ ವಿಳಾಸ ಅನಾಥವಾಗದಿರಲಿ

ಕನ್ನಡ ನೆಲದಲ್ಲಿ ಹುಟ್ಟಿ ಬೆಳೆದ ನಾಲ್ಕು ಬ್ಯಾಂಕುಗಳ ಹೆಸರು ಮೂರೇ ವರ್ಷಗಳಲ್ಲಿ ಅಳಿದವು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಹಾಗೂ ಕಾರ್ಪೊರೇಷನ್ ಬ್ಯಾಂಕುಗಳು ದೊಡ್ಡ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಶಾಖೆಯ ನಾಮಫಲಕವನ್ನು ಒಂದೇ ದಿನದಲ್ಲಿ ಬದಲಿಸಬಹುದು. ಆದರೆ ಕಾಗದಪತ್ರಗಳ ಮೇಲೆ ಅಚ್ಚಾದ, ಗ್ರಾಹಕನ ಬೆರಳಿಗೆ ರೂಢಿಯಾದ ಜಾಲತಾಣದ ವಿಳಾಸ ಅಷ್ಟು ಬೇಗ ಸಾಯುವುದಿಲ್ಲ, ಅದನ್ನು ಸಾಯಗೊಡಲೂಬಾರದು.

ಗಣಕಯಂತ್ರಗಳು ಪರಸ್ಪರ ಗುರುತಿಸುವುದು ಅಂಕಿಗಳಿಂದ. ಆ ಅಂಕಿಗಳಿಗೂ ನಾವು ಬಳಸುವ ಹೆಸರುಗಳಿಗೂ ನಂಟು ಕಲ್ಪಿಸುವುದು 1983ರಲ್ಲಿ ರೂಪುಗೊಂಡ ಡೊಮೇನ್ ನಾಮ ವ್ಯವಸ್ಥೆ. ಒಂದೇ ತಾಣಕ್ಕೆ ಎಷ್ಟು ಹೆಸರುಗಳನ್ನಾದರೂ ಜೋಡಿಸಲು ಅದರಲ್ಲಿ ಅವಕಾಶವಿದೆ. ಆದರೆ ಜೋಡಿಸುವ ಕ್ರಮ ಮುಖ್ಯ. ಎಲ್ಲ ಹೆಸರುಗಳಡಿಯಲ್ಲೂ ಅದೇ ಪುಟಗಳನ್ನು ತೋರಿಸಿದರೆ ಶೋಧಯಂತ್ರಗಳಿಗೆ ಒಂದು ಇನ್ನೊಂದರ ನಕಲಿನಂತೆ ಕಾಣುತ್ತದೆ. ಅಸಲಿ ಯಾವುದೆಂಬ ಗೊಂದಲ ಬಳಕೆದಾರನಿಗೂ ತಪ್ಪದು. ಒಂದನ್ನು ಮುಖ್ಯ ಹೆಸರಾಗಿ ಆರಿಸಿಕೊಂಡು, ಉಳಿದ ಹೆಸರುಗಳಿಂದ ಬಂದವರನ್ನು ಅಲ್ಲಿಗೆ ಕಳುಹಿಸುವುದೇ ಸರಿಯಾದ ದಾರಿ. ತಂತ್ರಜ್ಞರು ಇದನ್ನು '301' ಸಂಕೇತದ ಶಾಶ್ವತ ಮರುನಿರ್ದೇಶನ ಎನ್ನುತ್ತಾರೆ. ಮನೆ ಬದಲಿಸಿದವರ ಕಾಗದವನ್ನು ಅಂಚೆಯವನು ಹೊಸ ವಿಳಾಸಕ್ಕೆ ತಲುಪಿಸಿದಂತೆ ಇದು. ಪ್ರತಿ ಹೆಸರಿಗೂ ಭದ್ರತಾ ಪ್ರಮಾಣಪತ್ರದ ರಕ್ಷಣೆ ಇರಬೇಕು. ಇಲ್ಲದಿದ್ದರೆ ಬ್ರೌಸರ್ ಎಚ್ಚರಿಕೆ ನೀಡಿ, ಬಂದವರನ್ನು ಬಾಗಿಲಲ್ಲೇ ಬೆದರಿಸುತ್ತದೆ.

ಈ ವಿಷಯ ಈಗ ತಂತ್ರಜ್ಞರಿಗಷ್ಟೇ ಸೇರಿದ್ದಲ್ಲ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಕ್ಕೆ ಸ್ಥಳಾಂತರಗೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ ಆ ವರ್ಷದ ಏಪ್ರಿಲ್‌ನಲ್ಲಿ ಸೂಚಿಸಿತು. ಈ ಹೆಸರುಗಳನ್ನು ನೋಂದಾಯಿಸುವ ಅಧಿಕಾರವಿರುವುದು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ನಕಲಿ ತಾಣಗಳಿಂದ ಗ್ರಾಹಕರನ್ನು ಕಾಪಾಡುವ ಈ ಕ್ರಮ ಸ್ವಾಗತಾರ್ಹವೇ. ಆದರೆ ಹೊಸ ಮನೆಯ ಸಂಭ್ರಮದಲ್ಲಿ ಹಳೆಯ ಬಾಗಿಲನ್ನು ಮರೆಯುವಂತಿಲ್ಲ.

ಏಕೆಂದರೆ ಡೊಮೇನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲಾರರು. 'ಡಾಟ್ ಕಾಮ್' ಹೆಸರು ಒಮ್ಮೆಗೆ ಗರಿಷ್ಠ 10 ವರ್ಷಗಳಿಗೆ ಸಿಗುವ ಗುತ್ತಿಗೆ ಮಾತ್ರ. ಅವಧಿ ಮುಗಿದು, ಹಿಂಪಡೆಯಲು ಕೊಡುವ 30 ದಿನಗಳ ಕಾಲಾವಕಾಶವೂ ಕಳೆದರೆ ಅದು ಯಾರ ಪಾಲಾದರೂ ಆಗಬಹುದು. ಹಾಗೆ ಪಡೆದವನು ಹಳೆಯ ತಾಣದ ತದ್ರೂಪನ್ನು ನಿರ್ಮಿಸಬಲ್ಲ. ಹಳೆಯ ವಿಳಾಸಕ್ಕೆ ಬರುವ ಮಿಂಚಂಚೆಗಳನ್ನೂ ಓದಬಲ್ಲ. ಇಲ್ಲಿ ಮೋಸಹೋಗುವವನು ಅಜಾಗರೂಕನಲ್ಲ. ಬ್ಯಾಂಕೇ ಕೊಟ್ಟ ವಿಳಾಸವನ್ನು ನಂಬಿದವನು.

ಡೊಮೇನ್ ಹೆಸರಿಗೂ ವಾಣಿಜ್ಯಮುದ್ರೆಗೆ ಸಮನಾದ ರಕ್ಷಣೆಯುಂಟೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಆದರೆ ವ್ಯಾಜ್ಯ ಹೂಡಿ ಹೆಸರನ್ನು ಮರಳಿ ಪಡೆಯುವ ವೇಳೆಗೆ ಗ್ರಾಹಕನ ಹಣ ಕೈಬಿಟ್ಟಿರುತ್ತದೆ. ನವೀಕರಣ ಶುಲ್ಕವಾದರೋ ಸಾಮಾನ್ಯವಾಗಿ ಅದರ ಮುಂದೆ ಅತ್ಯಲ್ಪ.

ಹಾಗೆಂದು ಕಾಗುಣಿತ ತಪ್ಪಿದ ಹೆಸರುಗಳನ್ನೆಲ್ಲ ಕೊಂಡಿಡಬೇಕೆಂದಲ್ಲ, ಅದಕ್ಕೆ ಕೊನೆಯಿಲ್ಲ. ಆದರೆ ಸಂಸ್ಥೆಯೊಂದು ತಾನೇ ಅಚ್ಚುಹಾಕಿಸಿ ಜನರ ಕೈಗಿತ್ತ ಹೆಸರಿನ ಹೊಣೆ ಅದರದೇ. ಬ್ಯಾಂಕುಗಳಷ್ಟೇ ಅಲ್ಲ, ಸರ್ಕಾರಿ ಇಲಾಖೆಗಳು, ವಿಶ್ವವಿದ್ಯಾಲಯಗಳು, ಆಸ್ಪತ್ರೆಗಳೆಲ್ಲವೂ ತಮ್ಮ ಹಳೆಯ ಹೆಸರುಗಳ ಪಟ್ಟಿಯನ್ನೂ ನವೀಕರಣದ ದಿನಾಂಕವನ್ನೂ ಆಸ್ತಿಪತ್ರದಂತೆ ಜೋಪಾನ ಮಾಡಬೇಕು.