ನಿಮಗಿದು ಗೊತ್ತೆ? ಒಂಬತ್ತನೆಯ ವಾರದ ಓಟ

ಗರ್ಭಸ್ಥ ಶಿಶುವಿನ ಹೃದಯವು ಅತಿವೇಗವಾಗಿ ಮಿಡಿಯುವುದು ದಿನ ತುಂಬಿದ ಮೇಲಲ್ಲ. ಇಡೀ ದೇಹವೇ ಒಂದು ದ್ರಾಕ್ಷಿಹಣ್ಣಿನಷ್ಟಿರುವ ಒಂಬತ್ತನೆಯ ವಾರದ ಆಸುಪಾಸಿನಲ್ಲಿ. ಆರನೆಯ ವಾರದಲ್ಲಿ ನಿಮಿಷಕ್ಕೆ ಸುಮಾರು 110 ಬಾರಿ ಮಿಡಿಯುವ ಆ ಪುಟ್ಟ ಹೃದಯವು ಮೂರೇ ವಾರಗಳಲ್ಲಿ 170ರ ಆಚೀಚೆಗೆ ಏರಿ, ಅನಂತರ, ಹೃದಯಗತಿಗೆ ಕಡಿವಾಣ ಹಾಕುವ ನರವ್ಯೂಹವು ಬಲಿತಂತೆಲ್ಲ ಮೆಲ್ಲಮೆಲ್ಲನೆ ಇಳಿಯುತ್ತ ಬಂದು, ಹೆರಿಗೆಯ ವೇಳೆಗೆ 110ರಿಂದ 160ರೊಳಗೆ ನೆಲೆಗೊಳ್ಳುವುದು. ಆದುದರಿಂದಲೇ, ಒಂಬತ್ತನೆಯ ವಾರದಲ್ಲಿ ಸಹಜವಾದ 170 ಎಂಬ ಅಂಕಿಯು ಒಂಬತ್ತನೆಯ ತಿಂಗಳಲ್ಲಿ ಹತ್ತು ನಿಮಿಷಕ್ಕೂ ಮೀರಿ ಹಾಗೆಯೇ ನಿಂತಿತೆಂದರೆ, ತಾಯಿಗೆ ಜ್ವರವಿದೆಯೇ, ಶಿಶು ಕ್ಷೇಮವೇ ಎಂದು ವೈದ್ಯರು ಒಡನೆಯೇ ಪರೀಕ್ಷಿಸುವರು.

ರಾಜಾಜಿನಗರ, ವಿಜಯನಗರಗಳ ಸ್ಕ್ಯಾನಿಂಗ್ ಕೇಂದ್ರಗಳಿಂದ ವರದಿ ಹಿಡಿದು ಹೊರಬರುವ ಗರ್ಭಿಣಿಯರು, 'ಎಫ್‌ಎಚ್‌ಆರ್' (ಗರ್ಭಸ್ಥ ಶಿಶುವಿನ ಹೃದಯಗತಿ) ಎಂಬುದರ ಮುಂದಿನ ಅಂಕಿಯನ್ನು ಕಂಡು ಕಳವಳಗೊಳ್ಳುವ ಮುನ್ನ, ಅದೇ ಹಾಳೆಯಲ್ಲಿರುವ ವಾರದ ಲೆಕ್ಕದೊಡನೆ ಕೂಡಿಸಿ ಅದನ್ನು ಓದಬೇಕು. ವೇಗವಾದರೆ ಹೆಣ್ಣು, ನಿಧಾನವಾದರೆ ಗಂಡು ಎಂಬ ಮಾತಿಗಂತೂ ಲೇಶವೂ ಆಧಾರವಿಲ್ಲ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯಿದೆಯು ನಿಷೇಧಿಸಿರುವುದನ್ನು ಆ ಕೇಂದ್ರಗಳ ಗೋಡೆಯ ಫಲಕವೇ ಸಾರುತ್ತದೆ.

ಈ ಮಿಡಿತವನ್ನು ಆಲಿಸಲು ಫ್ರಾನ್ಸಿನ ವೈದ್ಯ ಅಡಾಲ್ಫ್ ಪಿನಾರ್ 1895ರಲ್ಲಿ ರೂಪಿಸಿದ ಕಹಳೆಯಾಕಾರದ ಕೊಳವೆಯು, ವಿದ್ಯುತ್ತಿನ ಹಂಗಿಲ್ಲದೆ, ಇಂದಿಗೂ ಸೂಲಗಿತ್ತಿಯರ ಕೈಯಲ್ಲಿ ಬಳಕೆಯಲ್ಲಿದೆ. ಮನೆಗೆ ತಂದ ಡಾಪ್ಲರ್ ಯಂತ್ರದಲ್ಲಿ ಸದ್ದು ಕೇಳಿಸಿತೆಂದು ಸುಮ್ಮನಿರದೆ, ಮಗುವಿನ ಚಲನೆ ಕಡಿಮೆಯೆನಿಸಿದರೆ ಅಂದೇ ಆಸ್ಪತ್ರೆಗೆ ಹೋಗಿರಿ.