ಕೈ ಕೆಸರಾಗದ ಪ್ರಾಜೆಕ್ಟ್!

ಶಿವಮೊಗ್ಗ: ಶಾಲೆಗಳಲ್ಲಿ ಪ್ರಾಜೆಕ್ಟ್ ಕೊಡುವ ವಾರ ಬಂತೆಂದರೆ ಸಂಜೆ ಹೊತ್ತು ಸ್ಟೇಷನರಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. “ರೆಡಿಮೇಡ್ ಹಳ್ಳಿ ಮನೆ ಇದ್ಯೇನ್ರೀ? ಮಗೂಗೆ ನಾಳೆ ಬೆಳಿಗ್ಗೇನೇ ಬೇಕಂತೆ!” ಅಂಗಡಿಯಾತ ಅಟ್ಟದಿಂದ ಇಳಿಸಿ ಕೊಡುತ್ತಾನೆ. ಬಣ್ಣ ಅಪ್ಪ ಬಳಿಯುತ್ತಾರೆ, ಹೆಸರು ಅಕ್ಕ ಬರೆಯುತ್ತಾಳೆ. ಎರಡನೇ ಕ್ಲಾಸಿನ ಮಗು ಅಷ್ಟರಲ್ಲಿ ನಿದ್ದೆ ಹೋಗಿರುತ್ತದೆ. ಮಾರನೇ ದಿನ ಮಾರ್ಕು ಮಾತ್ರ ಮಗುವಿಗೆ!

ಅಂಗಡಿಯವರನ್ನು ದೂರಿ ಫಲವಿಲ್ಲ. ಗಿರಾಕಿ ಕೇಳಿದ್ದನ್ನು ಮಾರುವುದು ಅವರ ಕಸುಬು. ರಾತ್ರಿ ಬಸ್ಸಿಗೆ ಮನೆ ಸೇರುವ ತಂದೆ ತಾಯಿಯನ್ನೂ ಬಯ್ಯುವಂತಿಲ್ಲ. ಆದರೆ ‘ಕೈ ಕೆಸರಾದರೆ ಬಾಯಿ ಮೊಸರು’ ಎಂದ ನಾಡಿನಲ್ಲಿ ಮಕ್ಕಳ ಕೈಗೆ ಕೆಸರೇ ಸೋಕದಿದ್ದರೆ ಹೇಗೆ ಸ್ವಾಮಿ?

ಕಾನೂನಿನಲ್ಲಿ ಏನಿದೆ?

ಕೈಕಸುಬಿನ ಮೂಲಕವೇ ಪಾಠ ನಡೆಯಲಿ ಎಂದು ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲೇ ಹೇಳಿದರು. ಹತ್ತನೇ ತರಗತಿವರೆಗೆ ಕಲೆ ಕಡ್ಡಾಯ ವಿಷಯವಾಗಲಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯೋ, ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೊಬ್ಬ ಅರೆಕಾಲಿಕ ಬೋಧಕರಿರಬೇಕು ಎನ್ನುತ್ತದೆ. ಒಂದರಿಂದ ಐದರವರೆಗೆ? ಆ ಮಾತೇ ಇಲ್ಲ! ಬೆರಳು ಬಾಗುವ ವಯಸ್ಸಿಗೆ ಮೇಷ್ಟ್ರಿಲ್ಲ, ಬೆರಳು ಬಿಗಿದ ಮೇಲೆ ಮೇಷ್ಟ್ರು. ಹೀಗಾಗಿ ಚಿಕ್ಕ ತರಗತಿಯಲ್ಲಿ ಲೆಕ್ಕ, ಕನ್ನಡ, ಪರಿಸರ ಎಲ್ಲ ಹೇಳಿಕೊಡುವ ಟೀಚರೇ ಚಿತ್ರವನ್ನೂ ಹೇಳಿಕೊಡಬೇಕು. ಪಾಠ ಹಿಂದೆ ಬಿದ್ದರೆ ಮೊದಲು ಮಾಯವಾಗುವುದೂ ಚಿತ್ರದ ಪೀರಿಯಡ್ಡೇ.

ನಷ್ಟ ಯಾರಿಗೆ? ಜೇಡಿಮಣ್ಣು ಮಿದ್ದ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲ ಬರುತ್ತದೆ. ಕಾಗದ ಮಡಚಿದ ಮಗುವಿಗೆ ಅರ್ಧ, ಕಾಲು ಎಂದರೇನೆಂದು ಬೋರ್ಡಿನ ಮೇಲೆ ಬರೆಯದೆಯೇ ತಿಳಿಯುತ್ತದೆ. ಇದು ಆಟವಲ್ಲ, ಅಕ್ಷರಕ್ಕೆ ಹಾಕುವ ಅಡಿಪಾಯ.

ಮನೆಯಂಗಳದ ವಿದ್ಯೆ

ಥರ್ಮೋಕೋಲಿನ ಹಳ್ಳಿ ಮನೆಗೆ ದುಡ್ಡು ಕೊಡುವವರು ಇಲ್ಲಿಂದ ಸಾಗರದ ಬಸ್ ಹತ್ತಿ ನೋಡಲಿ. ಆ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿ ನಾರು. ಅಂಗಡಿಯಿಂದ ತಂದದ್ದು ಏನೂ ಇಲ್ಲ. ಗೆರೆಗೆ ಗೆರೆ, ಮೂಲೆಗೆ ಮೂಲೆ ಅಳೆದಿಟ್ಟಂತೆ ಕೂರುತ್ತದೆ. ಚಿತ್ತಾರ ಬರೆಯುವ ಒಬ್ಬ ಅಜ್ಜಿಯನ್ನು ಶಾಲೆಗೆ ಕರೆಸಿ, ಗೌರವದಿಂದ ಒಂದು ಶನಿವಾರ ಕೂರಿಸಿದರೆ ಮಕ್ಕಳಿಗೆ ರೇಖಾಗಣಿತವೂ ಆಯಿತು, ಊರಿನ ಪರಿಚಯವೂ ಆಯಿತು.

ದುಡ್ಡಿಲ್ಲದ ಪಟ್ಟಿ

ಮಣ್ಣು: ಗೌರಿ-ಗಣೇಶ ಹಬ್ಬಕ್ಕೆ ಮುಂಚೆ ಕೆರೆಮಣ್ಣು ತಂದು ಕಲ್ಲು ಆರಿಸಿ ಮಿದ್ದು ಕೊಡಿ. ಸೊಂಡಿಲು ಮುರಿದರೂ ಚಿಂತೆಯಿಲ್ಲ, ಮತ್ತೆ ಅಂಟಿಸಲಿ.

ಅಚ್ಚು: ಅಡ್ಡ ಕೊಯ್ದ ಬೆಂಡೆಕಾಯಿ ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವು. ಹಾಗಲಕಾಯಿ, ಎಲೆ, ತೆಂಗಿನ ನಾರು, ಎಲ್ಲಕ್ಕೂ ಒಂದೊಂದು ಅಚ್ಚು.

ಬಣ್ಣ: ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು. ಆರತಿಗೆ ಮನೆಯಲ್ಲಿ ಮಾಡುವ ಓಕುಳಿ ಇದೇ ಅಲ್ಲವೇ? ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಅದನ್ನು ದೊಡ್ಡವರೇ ಬೆರೆಸಬೇಕು.

ಕಾಗದ: ಹಳೇ ಪೇಪರ್ ನೆನೆಸಿ, ಮೆಂತ್ಯದ ಜೊತೆ ರುಬ್ಬಿದರೆ ಬುಟ್ಟಿ, ಮುಖವಾಡ. ಅಜ್ಜಿಯಂದಿರು ಮೊರಕ್ಕೆ ಬಳಿಯುತ್ತಿದ್ದ ಹದವೇ ಸಾಕು. ಓದಿ ಮುಗಿಸಿದ ಈ ಪತ್ರಿಕೆಯೂ ಆದೀತು, ನಮಗೆ ಬೇಜಾರಿಲ್ಲ!

ಅಂಗಡಿಯವರಲ್ಲಿ ಒಂದು ಮಾತು

ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶಾದ್ಯಂತ ನಿಷಿದ್ಧ. ಅಧಿಕಾರಿ ಬಂದು ಕೇಳುವ ಮೊದಲೇ ಆ ಸರಕು ಕೈಬಿಡುವುದು ಜಾಣತನ. ವ್ಯಾಪಾರ ಬಿದ್ದುಹೋಗುವ ಭಯ ಬೇಡ. ಕೈಯಲ್ಲಿ ಮಾಡುವ ಮಗುವಿಗೆ ಗೋಂದು ಬೇಕು, ಬ್ರಷ್ ಬೇಕು, ದಾರ ಬೇಕು, ಬಣ್ಣದ ಕಾಗದ ಬೇಕು. ರೆಡಿಮೇಡ್ ಮನೆ ವರ್ಷಕ್ಕೊಮ್ಮೆ ಹೋಗುವ ಮಾಲು, ಗೋಂದು ತಿಂಗಳಿಗೊಮ್ಮೆ ಮುಗಿಯುವ ಮಾಲು. ದಿನಸಿ, ಬಟ್ಟೆ ಅಂಗಡಿಯವರು ರಾತ್ರಿ ಬೀದಿಗೆ ಎಸೆಯುವ ರಟ್ಟಿನ ಡಬ್ಬಗಳನ್ನು ವಾರಕ್ಕೊಮ್ಮೆ ಹತ್ತಿರದ ಶಾಲೆಗೆ ಕಳಿಸಿದರೆ ಬೀದಿಯೂ ಚೊಕ್ಕಟ, ಮಕ್ಕಳಿಗೂ ಸರಕು.

ಶಿಕ್ಷಕರಲ್ಲಿ ಬಿನ್ನಹ ಇಷ್ಟೇ: ಪ್ರಾಜೆಕ್ಟನ್ನು ಮನೆಗೆ ಕಳಿಸಬೇಡಿ, ಕ್ಲಾಸಿನಲ್ಲೇ ಮಾಡಿಸಿ. ನುಣುಪಿಗೆ ಮಾರ್ಕು ಕೊಡುವವರೆಗೂ ಅಪ್ಪಂದಿರೇ ಪಾಸಾಗುತ್ತಿರುತ್ತಾರೆ. ಪೋಷಕರು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡು, ಗೇಟುಗಳ ಜೊತೆಗೆ ಇದನ್ನೂ ಕೇಳಿ: ವಾರಕ್ಕೊಂದು ಪೀರಿಯಡ್, ಯಾವ ಪಾಠಕ್ಕೂ ಬಿಟ್ಟುಕೊಡದಂತೆ. ಮಗು ಮಾಡಿದ ಆನೆ ಎಮ್ಮೆಯ ಹಾಗೆ ಕಂಡರೂ ಸರಿ, ಶಾಲೆಯ ಗೋಡೆಯ ಮೇಲೆ ಜಾಗ ಸಿಗಬೇಕಾದದ್ದು ಅದಕ್ಕೇ.